ಸ್ಟ್ರೋಕ್ ಆದಾಗ ಮಿದುಳನ್ನು ತಂಪು ಮಾಡಿದರೆ ಉಳಿಯುತ್ತಾ?

ಸ್ಟ್ರೋಕ್ ಬಗ್ಗೆ ಮಾಡಿದ ಹಿಂದಿನ ವಿಡಿಯೋ ನೋಡಿ ಒಬ್ಬರು ಕೇಳಿದ್ರು: "ಊರಲ್ಲಿ ಅಪ್ಪನಿಗೆ ಲಕ್ವ ಹೊಡೆದರೆ ಮೊದಲು ತಲೆಗೆ ಐಸ್ ಇಡಬಹುದಾ?" ಬೇಡ. ಆದರೆ ಆ ಯೋಚನೆ ಪೂರ್ತಿ ತಪ್ಪಲ್ಲ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಪ್ರಕಟವಾದ ಅಧ್ಯಯನಗಳನ್ನು ಓದಿ ಹೇಳ್ತಿದೀನಿ.

ಹೆಪ್ಪುಗಟ್ಟಿದ ರಕ್ತ ಮಿದುಳಿನ ದೊಡ್ಡ ನಾಳವನ್ನು ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಇದು 2006ರ ಒಂದು ಪ್ರಸಿದ್ಧ ಲೆಕ್ಕ. ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಸಾಮಾನ್ಯವಾಗಿ 4.5 ಗಂಟೆ ಗಡುವು. ಕ್ಯಾಥೆಟರ್ ತೂರಿಸಿ ಹೆಪ್ಪನ್ನೇ ಹೊರಗೆಳೆಯೋದು ಥ್ರಾಂಬೆಕ್ಟಮಿ. ಆಯ್ದ ರೋಗಿಗಳಿಗೆ ಇದನ್ನು 24 ಗಂಟೆವರೆಗೂ ಮಾಡ್ತಾರೆ.

ರಕ್ತ ಮತ್ತೆ ಹರಿದರೆ ಕಥೆ ಮುಗೀತಾ? ಇಲ್ಲ. ಬಿದ್ದ ಸರ್ವರ್ ಎದ್ದ ಕೂಡಲೇ, ಕಾಯ್ತಿದ್ದ ರಿಕ್ವೆಸ್ಟ್‌ಗಳೆಲ್ಲ ಒಟ್ಟಿಗೆ ನುಗ್ಗಿ ಮತ್ತೆ ಬೀಳಿಸೋದು ನಮಗೆ ಗೊತ್ತಲ್ಲ? ಇಲ್ಲೂ ಹಾಗೇ. ಸೊರಗಿದ ಕೋಶಗಳಿಗೆ ದಿಢೀರ್ ಆಮ್ಲಜನಕ ಬಂದಾಗ ಹಾನಿಕಾರಕ ಅಣುಗಳು ಹುಟ್ಟುತ್ತವೆ, ಊತ ಬರುತ್ತೆ. ಇದಕ್ಕೆ ರೀಪರ್ಫ್ಯೂಷನ್ ಇಂಜುರಿ ಅಂತಾರೆ.

ತಂಪಿನ ಯೋಚನೆ ಬರೋದು ಇಲ್ಲಿ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿದರೆ ಮಿದುಳಿಗೆ ಬೇಕಾದ ಆಮ್ಲಜನಕ ಸುಮಾರು 6–7% ತಗ್ಗುತ್ತೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಒಳ್ಳೇ ಫಲಿತಾಂಶ ಬಂದಿದೆ. ಮನುಷ್ಯರಲ್ಲಿ? ಯೂರೋಹೈಪ್-1 ಪ್ರಯೋಗಕ್ಕೆ 1,500 ರೋಗಿಗಳು ಬೇಕಿತ್ತು. 98 ಜನಕ್ಕೇ ನಿಂತುಹೋಯ್ತು, ಲಾಭ ಕಾಣಲಿಲ್ಲ. ಎಚ್ಚರವಿರೋ ರೋಗಿಯ ಇಡೀ ಮೈ ತಂಪು ಮಾಡಿದರೆ ನಡುಕ ಹತ್ತುತ್ತೆ, ನ್ಯುಮೋನಿಯಾ ಭಯವೂ ಇದೆ.

ಹಾಗಾಗಿ ಮಿದುಳನ್ನಷ್ಟೇ ತಂಪು ಮಾಡೋ ಪ್ರಯತ್ನ ನಡೀತಿದೆ. 2016ರಲ್ಲಿ ಪ್ರಕಟವಾದ ಬೀಜಿಂಗ್ ವೈದ್ಯರ ಅಧ್ಯಯನದಲ್ಲಿ 26 ರೋಗಿಗಳಿಗೆ ಥ್ರಾಂಬೆಕ್ಟಮಿ ಹೊತ್ತಲ್ಲೇ ಕ್ಯಾಥೆಟರ್ ಮೂಲಕ 4 ಡಿಗ್ರಿಯ ಸಲೈನ್ ಹರಿಸಿದರು. ಹೀಗೆ ಮಾಡೋಕೆ ಆಗುತ್ತೆ ಅಂತ ಗೊತ್ತಾಯ್ತು. ಆದರೆ ಇದು ಇನ್ನೂ ಸಂಶೋಧನೆಯ ಹಂತ, ದಿನನಿತ್ಯದ ಚಿಕಿತ್ಸೆ ಅಲ್ಲ.

ಇನ್ನು ನೆತ್ತಿ ಮೇಲಿನ ಐಸ್. ಒಳಗೆ ಬೆಚ್ಚಗಿನ ರಕ್ತ ಹರೀತಾನೇ ಇರುತ್ತೆ. ಬುರುಡೆ ದಾಟಿ ಆಳದ ಮಿದುಳು ಸಾಕಷ್ಟು ತಣಿಯಲ್ಲ. ಐಸ್ ಅಂತ ಕಳೆದ ಹತ್ತು ನಿಮಿಷ, ಮೇಲಿನ ಲೆಕ್ಕದಲ್ಲಿ, 1.9 ಕೋಟಿ ನರಕೋಶ.

ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ನಾವು ಮಾಡಬಹುದಾದ್ದು ಇಷ್ಟು: ಅಪ್ಪ ಅಮ್ಮನ ಮನೆ ಹತ್ತಿರ 24 ಗಂಟೆಯೂ ಸಿಟಿ ಸ್ಕ್ಯಾನ್, ಸ್ಟ್ರೋಕ್ ಚಿಕಿತ್ಸೆ ಎರಡೂ ಸಿಗೋ ಆಸ್ಪತ್ರೆ ಯಾವುದು ಅಂತ ಇವತ್ತೇ ವಿಚಾರಿಸಿ. ಆ ಹೆಸರು, 108, ಪಕ್ಕದ ಮನೆಯವರ ನಂಬರ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸೋಕೆ ಹೇಳಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತೋಕೆ ಆಗದಿದ್ದರೆ, ಮಾತು ತೊದಲಿದರೆ, ಗಡಿಯಾರ ನೋಡಿ ಹೊರಟುಬಿಡಲಿ. ಡಾಕ್ಟರ್ ಕೇಳೋ ಮೊದಲ ಪ್ರಶ್ನೆಗಳಲ್ಲಿ ಒಂದು: "ಎಷ್ಟೊತ್ತಿಗೆ ಶುರುವಾಯ್ತು?"