ಕೋಳಿಗೆ ಕಂಬಳಿ ಬೇಡ, ಗಾಳಿ ಬೇಕು!

"ಅಮ್ಮಾ, ಇವತ್ತು ರಾತ್ರಿ ಮೈನಸ್ 25 ಡಿಗ್ರಿಯಂತೆ. ನನ್ನ ಕೋಳಿಗಳ ಗತಿ ಏನು?"

ಅಮೆರಿಕದ ಮಿನ್ನೆಸೋಟಾದಲ್ಲಿರುವ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ, ಬೆಂಗಳೂರಿನ ಡಿಸೆಂಬರ್ ಚಳಿಗೇ ಸ್ವೆಟರ್ ಹಾಕಿ ಕೂತಿದ್ದ ನನಗೆ ಹೊಳೆದದ್ದು ಒಂದೇ ಉಪಾಯ. "ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿಬಿಡು ಕಣೇ, ಮೇಲೊಂದು ಕಂಬಳಿ ಹೊದಿಸು" ಅಂದೆ. ಅವಳೂ ಹಾಗೇ ಮಾಡಿದಳು. ನಾಲ್ಕೇ ದಿನದಲ್ಲಿ ಎರಡು ಹೇಂಟೆಗಳ ಜುಟ್ಟಿನ ತುದಿ ಕಪ್ಪಾಯ್ತು! ಗೂಡಿನ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿದ್ದುದನ್ನು ಕೇಳಿ ಅಲ್ಲಿನ ಪಶುವೈದ್ಯರು ಹೇಳಿದ್ದಿಷ್ಟು: "ಚಳಿಗಿಂತ ತೇವದಿಂದಲೇ ತೊಂದರೆ ಆಗಿರೋದು."

ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಪುಕ್ಕ ಉಬ್ಬಿಸಿ ಕೂತರೆ ಅದರ ನಡುವೆ ಸಿಕ್ಕಿಕೊಂಡ ಗಾಳಿಯೇ ಅದಕ್ಕೆ ರಜಾಯಿ. ಆದರೆ ಉಸಿರು ಮತ್ತು ಹಿಕ್ಕೆಯಿಂದ ಏಳುವ ತೇವ ಹೊರಹೋಗದಿದ್ದರೆ ಗೂಡೆಲ್ಲ ಒದ್ದೆ. ಆಗ ಪುಕ್ಕವಿಲ್ಲದ ಜುಟ್ಟು, ಕಾಲ್ಬೆರಳುಗಳು ಬೇಗ ಹೆಪ್ಪುಗಟ್ಟುತ್ತವೆ. ಹಿಕ್ಕೆಯ ಅಮೋನಿಯಾ ಸೇರಿಕೊಂಡರೆ ಉಸಿರಾಟಕ್ಕೂ ಕುತ್ತು.

ನಿಮ್ಮ ಮಗಳೋ ಸೊಸೆಯೋ ಹಿಮ ಬೀಳುವ ಊರಿನ ಹಿತ್ತಲಲ್ಲಿ ಕೋಳಿ ಸಾಕಿದ್ದರೆ ಈ ಮಾತುಗಳನ್ನು ತಪ್ಪದೆ ತಿಳಿಸಿ.

* ಗಾಳಿಯ ಕಿಂಡಿ ಕೋಳಿಗಳು ಕೂರುವ ಎತ್ತರಕ್ಕಿಂತ ಮೇಲಿರಲಿ. ತೇವದ ಗಾಳಿ ಅಲ್ಲಿಂದ ಹೊರಹೋಗಬೇಕು. ಆದರೆ ಕೋಳಿಯ ಮೈಗೆ ನೇರವಾಗಿ ಗಾಳಿ ಹೊಡೆಯಬಾರದು.

* ನೆಲಕ್ಕೆ ಅರ್ಧ ಅಡಿಯಷ್ಟಾದರೂ ಮರದ ಹೊಟ್ಟು ಅಥವಾ ಒಣಹುಲ್ಲು ಹಾಸಿ. ಆಗಾಗ ಕೆದಕಿ, ಒದ್ದೆಯಾದ್ದನ್ನು ತೆಗೆದು ಒಣದನ್ನು ಸೇರಿಸಿ. ಮೂಗಿಗೆ ಘಾಟು ಬಡಿದರೆ ಹಾಸು ಬದಲಿಸುವ ಹೊತ್ತು ಬಂತು ಅಂತಲೇ ಲೆಕ್ಕ.

* ಕೂರಲು ದುಂಡು ಕೋಲಿನ ಬದಲು ನಾಲ್ಕು ಇಂಚು ಅಗಲದ ಹಲಗೆ ಕೊಡಿ. ಪಾದ ಚಪ್ಪಟೆಯಾಗಿ ಊರಿ ಕೂತಾಗ ಎದೆಯ ಪುಕ್ಕ ಬೆರಳುಗಳನ್ನು ಮುಚ್ಚುತ್ತದೆ.

* ನೀರು ಮಂಜುಗಡ್ಡೆಯಾದರೆ ಕೋಳಿ ಮೇವನ್ನೂ ಬಿಡುತ್ತದೆ. ದಿನಕ್ಕೆ ಎರಡು ಮೂರು ಸಲ ಉಗುರುಬೆಚ್ಚಗಿನ ನೀರು ಇಡಿ. ಪಾತ್ರೆಯನ್ನು ಬೆಚ್ಚಗಿಡುವ ವಿದ್ಯುತ್ ತಟ್ಟೆಗಳೂ ಸಿಗುತ್ತವೆ.

* ಮೈ ಬಿಸಿ ಉಳಿಸಿಕೊಳ್ಳಲು ಕೋಳಿ ಹೆಚ್ಚು ತಿನ್ನುತ್ತದೆ. ಎಂದಿನ ಮೇವು ಧಾರಾಳವಾಗಿರಲಿ. ಸಂಜೆ ಒಂದು ಹಿಡಿ ಜೋಳದ ನುಚ್ಚು ಎರಚಿದರೆ ಸಾಕು, ಅದೇ ಊಟವಾಗಬಾರದು.

* ಜುಟ್ಟು ಕಪ್ಪಾದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಊದಿಕೊಂಡರೆ, ಕೀವಾದರೆ ವೈದ್ಯರನ್ನು ಕೇಳಿ.

ದೀಪದ ಗಂಡಾಂತರ

ಪಾಪ, ಚಳಿ ಅಂತ ಕೆಂಪು ಶಾಖದ ಬಲ್ಬ್ ನೇತುಹಾಕುವವರೇ ಹೆಚ್ಚು. ಅದು ಕಳಚಿ ಒಣಹುಲ್ಲಿನ ಮೇಲೆ ಬಿದ್ದರೆ ಗೂಡಷ್ಟೇ ಅಲ್ಲ, ಪಕ್ಕದ ಮನೆಯೂ ಹೊತ್ತಿಕೊಳ್ಳಬಹುದು. ಚಳಿ ತಡೆಯುವ ತಳಿಯ, ಆರೋಗ್ಯವಾಗಿರುವ ದೊಡ್ಡ ಕೋಳಿಗೆ ಒಣಗಿದ ಗೂಡಿದ್ದರೆ ಸಾಮಾನ್ಯವಾಗಿ ಶಾಖ ಬೇಕಿಲ್ಲ.

ಮರಿಗಳ ಮಾತು ಬೇರೆ. ಮೊದಲ ವಾರ ಅವುಗಳಿಗೆ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ, ಪುಕ್ಕ ಪೂರ್ತಿ ಬರುವವರೆಗೆ ಮನೆಯೊಳಗೇ ಇಡಬೇಕು. ಹೊಸಬರು ಮರಿ ತರುವುದಾದರೆ ಚಳಿ ಕಳೆದ ಮೇಲೆಯೇ ತರುವುದು ಒಳ್ಳೆಯದು.

ಮೊಟ್ಟೆ ನಿಂತಿತೇ? ಗಾಬರಿ ಬೇಡ. ಚೆನ್ನಾಗಿ ಮೊಟ್ಟೆಯಿಡಲು ಕೋಳಿಗೆ 14ರಿಂದ 16 ಗಂಟೆ ಬೆಳಕು ಬೇಕು. ಮಿನ್ನೆಸೋಟಾದ ಡಿಸೆಂಬರ್ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ. ಕೋಳಿಗೂ ಒಂದಿಷ್ಟು ರಜೆ ಬೇಡವೇ?

ಹೆಣ್ಣು ಬೆಳೆಸಿದ ತಳಿ

ಜುಟ್ಟು ಚಿಕ್ಕದಿದ್ದಷ್ಟೂ ಹೆಪ್ಪುಗಟ್ಟುವ ಭಯ ಕಡಿಮೆ. ಅಮೆರಿಕದ ಓಹಾಯೊ ರಾಜ್ಯದಲ್ಲಿ ನೆಟ್ಟಿ ಮೆಟ್‌ಕಾಫ್ ಎಂಬ ಗೃಹಿಣಿ 19ನೇ ಶತಮಾನದ ಕೊನೆಯಲ್ಲಿ ಬೆಳೆಸಿದ 'ಬಕ್ ಐ' ತಳಿಗೆ ಇರುವುದು ಇಂಥದೇ ಪುಟ್ಟ ಜುಟ್ಟು. ಕೆನಡಾದ ಕ್ವಿಬೆಕ್‌ನ 'ಶಾಂಟಕ್ಲೇರ್' ತಳಿಯೂ ಹಾಗೇ. ಕೋಳಿ ಕೊಳ್ಳುವ ಮುಂಚೆ ಊರಿನ ನಿಯಮ ವಿಚಾರಿಸಲು ಹೇಳಿ. ಎಷ್ಟೋ ನಗರಗಳಲ್ಲಿ ಹುಂಜ ಸಾಕುವಂತಿಲ್ಲ. ಹಕ್ಕಿಜ್ವರದ ಕಾಟ ಇರುವುದರಿಂದ ಕಾಡುಹಕ್ಕಿಗಳು ಮೇವು, ನೀರಿಗೆ ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ಗೂಡಿನಿಂದ ಬಂದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು.

ಮೊಲ ಸಾಕಿದವರಿಗೂ ಇದೇ ಸೂತ್ರ. ಮೊಲ ಸೆಕೆಗಿಂತ ಚಳಿಯನ್ನು ಚೆನ್ನಾಗಿ ತಡೆಯುತ್ತದೆ. ಮಳೆ, ಗಾಳಿ ಹೊಡೆಯದ ಪೆಟ್ಟಿಗೆ, ಒಣಹುಲ್ಲು, ಹೆಪ್ಪುಗಟ್ಟದ ನೀರು ಇದ್ದರಾಯ್ತು. ನಮ್ಮ ಮಡಿಕೇರಿ, ಆಗುಂಬೆ ಕಡೆ ಹಿಮವಿಲ್ಲದಿದ್ದರೂ ಮಳೆಗಾಲದ ಥಂಡಿಯಲ್ಲಿ ಗೂಡು ಒಣಗಿಸಿಡುವ ಕಷ್ಟ ಕೋಳಿ ಸಾಕಿದವರಿಗೇ ಗೊತ್ತು!

ಅಂದಹಾಗೆ, ಮಗಳು ಆಮೇಲೆ ಮೇಲಿನ ಕಿಂಡಿಗಳನ್ನು ತೆರೆದಳು. ಕಪ್ಪಾದ ತುದಿಗಳು ಉದುರಿದವು, ಹೇಂಟೆಗಳು ಉಳಿದವು. "ನಿನ್ನ ಕಂಬಳಿ ಈಗ ನಾನೇ ಹೊದೀತಿದೀನಿ ಅಮ್ಮಾ" ಅಂದಳು. ಸದ್ಯ, ಯಾರಿಗಾದರೂ ಉಪಯೋಗವಾಯ್ತಲ್ಲ!