ಅಂಗೈ ಸಂತೆಗೆ ಸುಂಕ ಎಷ್ಟು?

2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ರೈತರಿಗೆ ಹೊಸದೊಂದು ಕೆಲಸ ಹಚ್ಚಿತು. ಹೊಲದಲ್ಲಿರುವ ಬೆಳೆಯ ಫೋಟೊ ನೀವೇ ತೆಗೆದು, ಸರ್ವೆ ನಂಬರ್ ಸಮೇತ ಮೊಬೈಲ್‌ನಿಂದ ಕಳಿಸಿ ಎಂದಿತು. ಸಿಂಧನೂರಿನ ಎಡದಂಡೆ ಕಾಲುವೆಯ ಭತ್ತ, ಮಸ್ಕಿ–ಲಿಂಗಸುಗೂರು ಕಡೆಯ ತೊಗರಿ, ಹತ್ತಿ, ಸಜ್ಜೆ ಎಲ್ಲವೂ ಬೆಳೆ ಸಮೀಕ್ಷೆಯ ಆ್ಯಪ್‌ಗೆ ಏರಬೇಕಿತ್ತು. ಆ್ಯಪ್ ಸರ್ಕಾರದ್ದು, ಹೊಲ ರೈತನದು. ಆದರೆ ಅದು ರೈತನ ಫೋನಿಗೆ ಬಂದದ್ದು ಕ್ಯಾಲಿಫೋರ್ನಿಯಾದ ಕಂಪನಿಯೊಂದರ ಬಾಗಿಲಿನಿಂದ. ಅದರ ಹೆಸರು ಗೂಗಲ್ ಪ್ಲೇ ಸ್ಟೋರ್.

ಮರು ತಿಂಗಳು, ಸೆಪ್ಟೆಂಬರ್ 18ರಂದು, ಅದೇ ಬಾಗಿಲು ಪೇಟಿಎಂಗೆ ಮುಚ್ಚಿತು. ಐಪಿಎಲ್ ಶುರುವಾಗುವ ಹಿಂದಿನ ದಿನ ಅದು. ಪೇಟಿಎಂ ಕ್ರಿಕೆಟ್ ಹೆಸರಿನಲ್ಲಿ ಕ್ಯಾಶ್‌ಬ್ಯಾಕ್ ಕೊಡುತ್ತಿತ್ತು. ಜೂಜಿನ ಕುರಿತ ನಿಯಮ ಮುರಿದಿದೆ ಎಂದಿತು ಗೂಗಲ್. ಕೆಲವೇ ಗಂಟೆಗಳಲ್ಲಿ ಆ್ಯಪ್ ಮರಳಿತು ನಿಜ, ಆದರೆ ಆ ಹೊತ್ತಿಗೆ ದೇಶದ ನವೋದ್ಯಮಗಳಿಗೆ ಒಂದು ವಿಷಯ ಮನದಟ್ಟಾಗಿತ್ತು. ಹೊರಹಾಕಿದ ಕಂಪನಿಗೂ ‘ಗೂಗಲ್ ಪೇ’ ಎಂಬ ತನ್ನದೇ ಪಾವತಿ ಆ್ಯಪ್ ಇತ್ತು.

ಸಿಂಧನೂರಿನ ಎಪಿಎಂಸಿಗೆ ಭತ್ತ ತರುವವರಿಗೆ ಇದರ ತೊಡಕು ಬೇಗ ಅರ್ಥವಾದೀತು. ಪ್ರಾಂಗಣ, ಗೇಟು, ತೂಕದ ಯಂತ್ರ ಎಲ್ಲವೂ ಒಬ್ಬನೇ ವ್ಯಾಪಾರಿಯ ಸ್ವತ್ತಾಗಿ, ಅವನೂ ಅಲ್ಲೇ ಭತ್ತ ಮಾರುತ್ತ, ಯಾರ ಚೀಲ ಎಲ್ಲಿಳಿಯಬೇಕು, ಕಮಿಷನ್ ಎಷ್ಟು ಎಂಬುದನ್ನೂ ಅವನೇ ಹೇಳುವಂತಾದರೆ? ಹಾಗಾಗದಿರಲೆಂದೇ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ಮಾರುಕಟ್ಟೆ ಸಮಿತಿ, ಲೈಸೆನ್ಸು ಬಂದವು. (ಅವು ಎಷ್ಟು ನೆಟ್ಟಗೆ ನಡೆಯುತ್ತವೆ ಎಂಬುದು ಬೇರೆಯೇ ಜಗಳ.) ಆ್ಯಪ್ ಸಂತೆಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು 2002ರ ಸ್ಪರ್ಧಾ ಕಾಯ್ದೆ, ಅದನ್ನು ಜಾರಿ ಮಾಡುವ ಭಾರತೀಯ ಸ್ಪರ್ಧಾ ಆಯೋಗ. ದೊಡ್ಡದಾಗಿ ಬೆಳೆಯುವುದು ಈ ಕಾಯ್ದೆಯ ಕಣ್ಣಿನಲ್ಲಿ ತಪ್ಪಲ್ಲ. ಬೆಳೆದ ಬಲವನ್ನು ಬೇರೆಯವರ ದಾರಿಗೆ ಅಡ್ಡ ಹಾಕಲು ಬಳಸುವುದು ತಪ್ಪು.

ಇಲ್ಲೊಂದು ಸಹಜ ಪ್ರಶ್ನೆ ಏಳುತ್ತದೆ. ಗೂಗಲ್‌ನ ಆಂಡ್ರಾಯ್ಡ್ ಉಚಿತ ಮತ್ತು ಮುಕ್ತ ತಂತ್ರಾಂಶವಲ್ಲವೇ? ಅದರ ಮೂಲ ಕೋಡನ್ನು ಯಾರು ಬೇಕಾದರೂ ತೆಗೆದುಕೊಂಡು ಫೋನ್ ಮಾಡಬಹುದಲ್ಲ? ಮಾಡಬಹುದು. ಆದರೆ ಆ ಫೋನ್ ಅರೆಜೀವವಾಗಿರುತ್ತದೆ. ಇಂದಿನ ಆ್ಯಪ್‌ಗಳು ನೋಟಿಫಿಕೇಷನ್ ಕಳಿಸಲು, ಜಾಗ ಪತ್ತೆ ಮಾಡಲು, ನಕ್ಷೆ ತೋರಿಸಲು, ಲಾಗಿನ್ ಆಗಲು ‘ಪ್ಲೇ ಸರ್ವಿಸಸ್’ ಎಂಬ ಇನ್ನೊಂದು ಪದರವನ್ನು ನೆಚ್ಚಿಕೊಂಡಿವೆ. ಈ ಪದರ ಮುಕ್ತವಲ್ಲ, ಅದು ಗೂಗಲ್‌ನದು. 2019ರಲ್ಲಿ ಅಮೆರಿಕದ ನಿರ್ಬಂಧದಿಂದ ಹ್ವಾವೇ ಕಂಪನಿಗೆ ಇದು ತಪ್ಪಿಹೋಯಿತು. ಕ್ಯಾಮೆರಾ, ಚಿಪ್ಪು ಎಲ್ಲ ಚೆನ್ನಾಗಿದ್ದರೂ ಚೀನಾದ ಹೊರಗೆ ಅದರ ಫೋನ್ ವ್ಯಾಪಾರ ಕುಸಿದುಬಿತ್ತು.

ಹಾಗಾಗಿ ಫೋನ್ ತಯಾರಕರು ಗೂಗಲ್ ಜತೆ ಒಪ್ಪಂದಕ್ಕೆ ಸಹಿ ಹಾಕಲೇಬೇಕಾಗುತ್ತಿತ್ತು. ಪ್ಲೇ ಸ್ಟೋರ್ ಬೇಕಿದ್ದರೆ ಅದೊಂದನ್ನೇ ಕೊಡುತ್ತಿರಲಿಲ್ಲ. ಸರ್ಚ್, ಕ್ರೋಮ್, ಯೂಟ್ಯೂಬ್, ಮ್ಯಾಪ್ಸ್ ಸೇರಿ ಇಡೀ ಗೊಂಚಲು ತೆಗೆದುಕೊಳ್ಳಬೇಕಿತ್ತು, ಪರದೆಯ ಮೇಲೆ ಅವನ್ನು ಎದ್ದು ಕಾಣುವಲ್ಲಿ ಕೂರಿಸಬೇಕಿತ್ತು. ಆಂಡ್ರಾಯ್ಡನ್ನು ತಮಗೆ ಬೇಕಾದಂತೆ ತಿದ್ದಿದ ಬೇರೆ ರೂಪದ ಫೋನನ್ನು ಮಾರುವಂತಿರಲಿಲ್ಲ. ಲಿಂಗಸುಗೂರಿನ ಅಂಗಡಿಯಲ್ಲಿ ಹೊಸ ಫೋನಿನ ಡಬ್ಬಿ ಬಿಚ್ಚಿದಾಗ ಯಾರೂ ಇಳಿಸಿಕೊಳ್ಳದ ಆ್ಯಪ್‌ಗಳು ಸಾಲಾಗಿ ಕೂತಿರುವುದು ಇಂಥ ಒಪ್ಪಂದಗಳಿಂದ.

ಬೇಡವಾದರೆ ಬದಲಿಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಬದಲಿಸಬಹುದು, ಆದರೆ ಬಹುಪಾಲು ಜನ ಬದಲಿಸುವುದಿಲ್ಲ. ಮೊದಲೇ ಹೊಂದಿಸಿಟ್ಟದ್ದನ್ನು ಹಾಗೆಯೇ ಬಿಡುವುದು ಮನುಷ್ಯ ಸ್ವಭಾವ ಎಂದು ವರ್ತನಾ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತಿದ್ದಾರೆ. ಅದಕ್ಕೆ ಬೆಲೆ ಕಟ್ಟಿದ್ದು ಅಮೆರಿಕದ ನ್ಯಾಯಾಲಯದ ದಾಖಲೆ. ಆ್ಯಪಲ್‌ನ ಸಫಾರಿ ಬ್ರೌಸರ್‌ನಲ್ಲಿ ತನ್ನ ಸರ್ಚ್ ಮೊದಲೇ ಇರಲೆಂದು 2022ರ ಒಂದೇ ವರ್ಷಕ್ಕೆ ಗೂಗಲ್ ಕೊಟ್ಟದ್ದು 2,000 ಕೋಟಿ ಡಾಲರ್. ಜನ ಸಲೀಸಾಗಿ ಬದಲಿಸಿಕೊಳ್ಳುವಂತಿದ್ದರೆ ಅಷ್ಟು ಹಣ ಯಾರು ಸುರಿಯುತ್ತಾರೆ?

ಭಾರತದಲ್ಲಿ ಆಂಡ್ರಾಯ್ಡ್ ಬಗ್ಗೆ ದೂರು ಹೋದದ್ದು 2018ರಲ್ಲಿ. ಮರುವರ್ಷ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 20ರಂದು ಗೂಗಲ್‌ಗೆ ₹1,337.76 ಕೋಟಿ ದಂಡ ಬಿತ್ತು. ಐದೇ ದಿನಕ್ಕೆ, ಪ್ಲೇ ಸ್ಟೋರ್ ಪಾವತಿ ನಿಯಮಗಳಿಗಾಗಿ ಇನ್ನೊಂದು ₹936.44 ಕೋಟಿ. ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಈ ಅಂಕಿಗಳು. ಆದರೆ ದಂಡ ಸೇರುವುದು ಸರ್ಕಾರದ ಬೊಕ್ಕಸಕ್ಕೆ, ಮಸ್ಕಿಯಲ್ಲಿ ಫೋನ್ ಕೊಂಡವರ ಪರದೆ ಅದರಿಂದ ಬದಲಾಗುವುದಿಲ್ಲ. ಅದನ್ನು ಬದಲಿಸಬಲ್ಲ ಸಾಲುಗಳು ಆದೇಶದ ಕೊನೆಯ ಪುಟಗಳಲ್ಲಿದ್ದವು. ಮೊದಲೇ ಕೂರಿಸಿದ ಆ್ಯಪ್‌ಗಳನ್ನು ಕಿತ್ತುಹಾಕಲು ಬಿಡಿ, ಬೇರೆ ಆ್ಯಪ್ ಅಂಗಡಿಗಳೂ ಪ್ಲೇ ಸ್ಟೋರ್ ಮೂಲಕ ಸಿಗಲಿ, ಹೊರಗಿನಿಂದ ಇಳಿಸಿಕೊಳ್ಳುವುದಕ್ಕೆ ಅಡ್ಡಿ ಬೇಡ, ಪ್ಲೇ ಸರ್ವಿಸಸ್ ಪದರವನ್ನು ಪ್ರತಿಸ್ಪರ್ಧಿಗಳಿಗೆ ನಿರಾಕರಿಸಬೇಡಿ ಎಂಬ ನಾಲ್ಕು ನಿರ್ದೇಶನಗಳು.

2023ರ ಜನವರಿ 19ರಂದು ಸುಪ್ರೀಂ ಕೋರ್ಟ್ ಈ ಆದೇಶದ ವಿರುದ್ಧ ಗೂಗಲ್ ಕೇಳಿದ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಒಂದು ವಾರದೊಳಗೆ ಗೂಗಲ್ ಕೆಲವು ಬದಲಾವಣೆ ಪ್ರಕಟಿಸಿತು. ಫೋನ್ ತಯಾರಕರು ಆ್ಯಪ್‌ಗಳಿಗೆ ಬಿಡಿಬಿಡಿಯಾಗಿ ಲೈಸೆನ್ಸ್ ಪಡೆಯಬಹುದು, ಹೊಸ ಫೋನ್ ಹೊಂದಿಸುವಾಗ ಬಳಕೆದಾರರು ಸರ್ಚ್ ಎಂಜಿನ್ ಆರಿಸಬಹುದು ಎಂದಿತು. ಆದರೆ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ಕೈಬಿಟ್ಟಿತು. ಯಾವ ನಾಲ್ಕು? ಮೇಲೆ ಹೇಳಿದ ಅದೇ ನಾಲ್ಕು. ಹಣ ಉಳಿಯಿತು, ಹಲ್ಲು ಕಿತ್ತುಹೋಯಿತು ಎನ್ನದೆ ವಿಧಿಯಿಲ್ಲ.

ಪರಿಣಾಮ ನೋಡಲು ಬೆಂಗಳೂರಿಗೆ ಹೋಗಬೇಕು. ಅಲ್ಲಿನ ಫೋನ್‌ಪೇ ಕಂಪನಿ 2024ರ ಫೆಬ್ರುವರಿ 21ರಂದು ‘ಇಂಡಸ್ ಆ್ಯಪ್‌ಸ್ಟೋರ್’ ತೆರೆಯಿತು. ಇಂಗ್ಲಿಷ್ ಜತೆಗೆ ಕನ್ನಡವೂ ಸೇರಿ 12 ಭಾರತೀಯ ಭಾಷೆಗಳಲ್ಲಿ ಹುಡುಕಬಹುದು. ಆ್ಯಪ್ ತಯಾರಕರು ಬೇರೆ ಪಾವತಿ ವ್ಯವಸ್ಥೆ ಬಳಸಿದರೆ ಕಮಿಷನ್ ಇಲ್ಲ. ಆದರೆ ಈ ಅಂಗಡಿ ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಫೋನ್ ಕಂಪನಿಯೇ ಮೊದಲೇ ಕೂರಿಸಿರಬೇಕು, ಇಲ್ಲವೇ ವೆಬ್‌ಸೈಟಿನಿಂದ ಫೈಲ್ ಇಳಿಸಿಕೊಂಡು, ‘ಅಪರಿಚಿತ ಮೂಲ’ ಎಂಬ ಎಚ್ಚರಿಕೆ ದಾಟಿ, ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಟ್ಟು ಬರಬೇಕು. ಹೆದರಿಕೆ ಹುಟ್ಟಿಸುವ ಪ್ರತಿ ಪರದೆಯಲ್ಲೂ ಒಂದಷ್ಟು ಜನ ಹಿಂದೆ ಸರಿಯುತ್ತಾರೆ.

ಹಾಗೆಂದು ಆ ಎಚ್ಚರಿಕೆಯೆಲ್ಲ ನಾಟಕವಲ್ಲ. ‘ಪಿಎಂ ಕಿಸಾನ್’ ಎಂಬ ಹೆಸರಿಟ್ಟು, ಮದುವೆ ಆಮಂತ್ರಣದ ವೇಷ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ನಕಲಿ ಆ್ಯಪ್ ಫೈಲ್‌ಗಳು (ಎಪಿಕೆ) ಓಟಿಪಿ ಕದ್ದು ಖಾತೆ ಬರಿದು ಮಾಡಿವೆ. ಪ್ರತಿ ಆಂಡ್ರಾಯ್ಡ್ ಆ್ಯಪ್‌ಗೂ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಅದೇ ಸಹಿ ಇಲ್ಲದ ಫೈಲ್ ಹಳೆಯ ಆ್ಯಪ್‌ನ ಮೇಲೆ ಅಪ್‌ಡೇಟ್ ಆಗಿ ಕೂರಲಾರದು. ಆದರೆ ಸಹಿ ಮಾಡಿದವನು ಒಳ್ಳೆಯವನೇ ಎಂದು ಸಹಿ ಹೇಳುವುದಿಲ್ಲ. ಅದಕ್ಕೆ ಯಾರಾದರೂ ತಪಾಸಣೆ ಮಾಡಲೇಬೇಕು. ಗೂಗಲ್‌ನ ಸುರಕ್ಷತೆಯ ವಾದ ಇಷ್ಟರ ಮಟ್ಟಿಗೆ ಗಟ್ಟಿ. ಹೆಸರು ವಿಳಾಸವಿರುವ ಅಂಗಡಿಯನ್ನೂ ಕಳ್ಳ ಫೈಲನ್ನೂ ಒಂದೇ ಎಚ್ಚರಿಕೆಯಿಂದ ತಡೆಯುವಲ್ಲಿ ಅದು ಸಡಿಲವಾಗುತ್ತದೆ.

ಇನ್ನು ಸುಂಕದ ಲೆಕ್ಕ. ಭತ್ತದ ಬೀಜ, ಬಸ್ ಟಿಕೆಟ್, ಊಟ ಇವನ್ನು ಆ್ಯಪ್‌ನಲ್ಲಿ ಕೊಂಡರೆ ಪ್ಲೇ ಸ್ಟೋರ್‌ಗೆ ಪಾಲಿಲ್ಲ. ಆಡಿಯೊ ಕಥೆ, ಆಟ, ಪಾಠದಂಥ ಡಿಜಿಟಲ್ ಸರಕಿಗೆ ಮಾತ್ರ ಪಾಲು. ಆ್ಯಪ್ ತಯಾರಕರ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಗೂ ಚಂದಾಗಳಿಗೂ ಶೇ 15, ಅದರಾಚೆ ಶೇ 30 ಎಂಬುದು ಗೂಗಲ್ ಇಟ್ಟುಕೊಂಡಿದ್ದ ದರ. ಅಂದರೆ ₹100ರ ಚಂದಾದಲ್ಲಿ ₹15. ಸಿಂಧನೂರಿನ ಚಹಾ ಅಂಗಡಿಯವರು ಯುಪಿಐ ಕ್ಯೂಆರ್ ಮೂಲಕ ಅದೇ ₹100 ಪಡೆದರೆ 2020ರ ಜನವರಿಯಿಂದ ಶುಲ್ಕ ಸೊನ್ನೆ. ಆಯೋಗದ ಆದೇಶದ ನಂತರ ಗೂಗಲ್ ಬೇರೆ ಪಾವತಿ ವ್ಯವಸ್ಥೆಗೂ ಅವಕಾಶ ಕೊಟ್ಟಿತು, ಆದರೆ ತನ್ನ ಪಾಲಿನಲ್ಲಿ ಇಳಿಸಿದ್ದು ನಾಲ್ಕೇ ರೂಪಾಯಿ. ಉಳಿದ ₹11 ಯಾವ ಸೇವೆಗೆ ಎಂಬುದೇ ಜಗಳದ ಮೂಲ. ಸ್ಟೋರನ್ನು ನಡೆಸುವ, ಭದ್ರತೆ ಕಾಯುವ, ಆಂಡ್ರಾಯ್ಡ್ ಬೆಳೆಸುವ ಖರ್ಚು ಎನ್ನುತ್ತದೆ ಗೂಗಲ್.

ಜಗಳ 2024ರ ಮಾರ್ಚ್ 1ರಂದು ಬೀದಿಗೆ ಬಂತು. ಶುಲ್ಕ ಕಟ್ಟಿಲ್ಲವೆಂದು ಭಾರತ್ ಮ್ಯಾಟ್ರಿಮೋನಿ, ನೌಕ್ರಿ, ಕುಕು ಎಫ್‌ಎಂ ಮೊದಲಾದ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿತು. ಐಟಿ ಸಚಿವ ಅಶ್ವಿನಿ ವೈಷ್ಣವ್ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸಾದವು. ಅದೇ ತಿಂಗಳು ಆಯೋಗ ಈ ಶುಲ್ಕ ನೀತಿಯ ಬಗ್ಗೆ ಹೊಸ ತನಿಖೆಗೆ ಆದೇಶಿಸಿತು. ಹಳೆಯ ₹936 ಕೋಟಿ ದಂಡ ಮಾತ್ರ 2025ರ ಮಾರ್ಚ್‌ನಲ್ಲಿ ನ್ಯಾಯಮಂಡಳಿಯಲ್ಲಿ ₹216.69 ಕೋಟಿಗೆ ಇಳಿಯಿತು. ಪ್ರಾಬಲ್ಯದ ದುರ್ಬಳಕೆ ಆಗಿದೆ, ಆದರೆ ಪ್ಲೇ ಸ್ಟೋರ್ ವಹಿವಾಟನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಅದರ ತರ್ಕ.

ಸ್ಪರ್ಧಾ ಕಾನೂನಿನ ದೊಡ್ಡ ದೌರ್ಬಲ್ಯ ಅದರ ನಿಧಾನ ನಡಿಗೆ. ಫೋನ್‌ಗಳನ್ನು ಆನ್‌ಲೈನ್‌ನಲ್ಲಿ ಮಾತ್ರ ಬಿಡುಗಡೆ ಮಾಡುತ್ತಾರೆ, ಆಯ್ದ ಮಾರಾಟಗಾರರಿಗೆ ಮಣೆ ಹಾಕುತ್ತಾರೆ ಎಂಬ ದೂರಿನ ಮೇಲೆ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶವಾಯಿತು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮೊಬೈಲ್ ಅಂಗಡಿಗಳಿಗೆ ನೇರವಾಗಿ ತಟ್ಟುವ ವಿಷಯವಿದು. ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. ಅದು ತೆರವಾಗಿ, ಸುಪ್ರೀಂ ಕೋರ್ಟೂ ಕೈಹಾಕದೆ ತನಿಖೆ ಮುಂದುವರಿಯುವ ಹೊತ್ತಿಗೆ 2021ರ ಆಗಸ್ಟ್. ವರದಿ ಬಂದದ್ದು 2024ರಲ್ಲಿ. ಅದರ ಬೆನ್ನಿಗೇ ಹಲವು ಹೈಕೋರ್ಟ್‌ಗಳಲ್ಲಿ ಹೊಸ ಅರ್ಜಿಗಳು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಕರ್ನಾಟಕ ಹೈಕೋರ್ಟ್‌ಗೇ ಕಳಿಸಿತು. ಇಷ್ಟರಲ್ಲಿ ದೂರಿನ ಕಾಲದ ಫೋನ್ ಮಾಡೆಲ್‌ಗಳು ಗುಜರಿ ಸೇರಿರುತ್ತವೆ.

ಅದಕ್ಕೇ ಬೇರೆ ದೇಶಗಳು ತಪ್ಪಾದ ಮೇಲೆ ಹಿಡಿಯುವ ಬದಲು ಮೊದಲೇ ನಿಯಮ ಬರೆಯತೊಡಗಿವೆ. ದಕ್ಷಿಣ ಕೊರಿಯಾ 2021ರಲ್ಲೇ ಸ್ಟೋರ್‌ನ ಪಾವತಿ ವ್ಯವಸ್ಥೆಯನ್ನೇ ಬಳಸಬೇಕೆಂಬ ಕಡ್ಡಾಯವನ್ನು ಕಾನೂನಿನಿಂದ ನಿಷೇಧಿಸಿತು. ಐರೋಪ್ಯ ಒಕ್ಕೂಟದ ಕಾಯ್ದೆಗೆ ಮಣಿದು 2024ರ ಮಾರ್ಚ್‌ನಲ್ಲಿ ಆ್ಯಪಲ್ ಕೂಡ ಅಲ್ಲಿನ ಐಫೋನ್‌ಗಳಿಗೆ ಬೇರೆ ಆ್ಯಪ್ ಅಂಗಡಿಗಳನ್ನು ಬಿಟ್ಟುಕೊಂಡಿತು. ಅದೇ ತಿಂಗಳು ಭಾರತದಲ್ಲೂ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂತು. 2025ರಲ್ಲೂ ಅದು ಕರಡಾಗಿಯೇ ಇತ್ತು.

ಈ ನಡುವೆ ಸದ್ದಿಲ್ಲದೆ ಒಂದು ಪ್ರಕರಣ ಮಾತ್ರ ದಡ ಸೇರಿದೆ. ಆಂಡ್ರಾಯ್ಡ್ ಟಿವಿಗಳಲ್ಲೂ ಇಂಥದೇ ಗೊಂಚಲು ಒಪ್ಪಂದವಿತ್ತು. ಸ್ಪರ್ಧಾ ಕಾಯ್ದೆಗೆ 2023ರ ತಿದ್ದುಪಡಿ ತಂದ ರಾಜಿ ಅವಕಾಶವನ್ನು ಬಳಸಿ 2025ರ ಏಪ್ರಿಲ್‌ನಲ್ಲಿ ಗೂಗಲ್ ₹20.24 ಕೋಟಿ ಕಟ್ಟಿ, ಭಾರತದ ಟಿವಿಗಳಿಗೆ ಪ್ಲೇ ಸ್ಟೋರ್ ಮತ್ತು ಪ್ಲೇ ಸರ್ವಿಸಸ್‌ಗೆ ಪ್ರತ್ಯೇಕ ಲೈಸೆನ್ಸ್ ಕೊಡಲು ಒಪ್ಪಿತು. ಟಿವಿ ಕಂಪನಿಗಳು ಇನ್ನು ಗೊಂಚಲನ್ನು ಬಿಟ್ಟು, ಬೇಕಾದುದನ್ನಷ್ಟೇ ಹಣ ಕೊಟ್ಟು ಪಡೆಯಬಹುದು. ಫೋನ್‌ಗಳ ಪ್ರಕರಣದಲ್ಲಿ ಆಯೋಗವೂ ಗೂಗಲ್ಲೂ ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ.