ಬೇಲಿಯೇ ಹೊಲ ಮೇಯುವ ರೋಗ

ಮೊಣಕೈ, ಮೊಣಕಾಲು, ನೆತ್ತಿ, ನಡುವಿನ ಹಿಂಭಾಗ—ಈ ಕಡೆಗಳಲ್ಲಿ ಒಮ್ಮೆ ನಾಣ್ಯದಗಲದ ದದ್ದೊಂದು ಮೂಡುತ್ತದೆ. ಅದರ ಅಂಚು ಗೆರೆ ಎಳೆದಷ್ಟು ಸ್ಪಷ್ಟ; ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು. ಕೆರೆದರೆ ಹೊಟ್ಟು ಉದುರುತ್ತದೆ. ಇನ್ನೂ ಕೆರೆದರೆ ರಕ್ತದ ಸಣ್ಣ ಹನಿಗಳು ಕಾಣಿಸುತ್ತವೆ. ಬಿಳಿಯರ ಮೈಮೇಲೆ ಕೆಂಪಗೆ ತೋರುವ ಈ ದದ್ದು ನಮ್ಮವರ ಕಂದುಬಣ್ಣದ ಚರ್ಮದಲ್ಲಿ ನೇರಳೆಯ ಛಾಯೆ ತಾಳುವುದುಂಟು. ಇದೇ ಸೋರಿಯಾಸಿಸ್.

ಈ ರೋಗದ ತುರಿಕೆಗಿಂತಲೂ ಜನರ ನೋಟವೇ ರೋಗಿಯನ್ನು ಹೆಚ್ಚು ಕಾಡುತ್ತದೆ. ಕ್ಷೌರಿಕ ಕತ್ತರಿ ಹಿಡಿಯಲು ಹಿಂಜರಿಯುತ್ತಾನೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂಡುತ್ತಾರೆ. ಮನೆಯೊಳಗೇ ಲೋಟ, ತಟ್ಟೆ, ಹಾಸಿಗೆಗಳು ಬೇರೆಯಾಗುತ್ತವೆ. ಮದುವೆಗೆ ಬಂದ ಮಗಳಿಗೆ ಈ ರೋಗವಿದ್ದರಂತೂ ಅದನ್ನು ಮುಚ್ಚಿಡಲು ತಂದೆತಾಯಿಗಳು ಪಡುವ ಪಾಡು ಹೇಳತೀರದು. ಆದರೆ ಸೋರಿಯಾಸಿಸ್ ಅಂಟುಜಾಡ್ಯವಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಟವಲಿನಲ್ಲಿ ಮೈ ಒರೆಸಿಕೊಂಡರೆ ಅದು ಯಾರಿಗೂ ಬರುವುದಿಲ್ಲ. ಕೊಳೆಯೂ ಅದಕ್ಕೆ ಕಾರಣವಲ್ಲ. ಪೂರ್ವಜನ್ಮದ ಪಾಪವೂ ಅಲ್ಲ. ಹಾಗಾದರೆ ಕಾರಣವೇನು? ಇದಕ್ಕೆ ಉತ್ತರ ಕಂಡುಕೊಳ್ಳಲು ವೈದ್ಯಶಾಸ್ತ್ರಕ್ಕೆ ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ಅದು ಕೊನೆಗೆ ದೊರೆತದ್ದು ಚರ್ಮದಲ್ಲಲ್ಲ, ರಕ್ತದಲ್ಲಿ.

ಹೆಸರು ತಂದ ಕಳಂಕ

ಬಹುಕಾಲ ಯುರೋಪಿನ ವೈದ್ಯರು ಹೊಟ್ಟೇಳುವ ಚರ್ಮರೋಗಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿದ್ದರು. ಸೋರಿಯಾಸಿಸ್ಸಿಗೂ 'ಲೆಪ್ರಾ' ಎಂಬ ಹೆಸರೇ ಸಲ್ಲುತ್ತಿತ್ತು. ಹೆಸರು ಒಂದಾದ ಮೇಲೆ ಕುಷ್ಠರೋಗಿಗೆ ಕಟ್ಟಿದ್ದ ಕಳಂಕವೂ ಇದರ ಪಾಲಿಗೆ ಬಂದಿತು. 1841ರಲ್ಲಿ ವಿಯೆನ್ನಾ ನಗರದ ಚರ್ಮವೈದ್ಯ ಫರ್ಡಿನೆಂಡ್ ಫಾನ್ ಹೆಬ್ರಾ ಅವರು ಆ ಹೆಸರನ್ನು ತೆಗೆದುಹಾಕಿ, ಇದು ಬೇರೆಯೇ ರೋಗವೆಂದು ಸಾರಿದರು. ಗ್ರಂಥದಲ್ಲಿ ಹೆಸರು ಬದಲಾಯಿತು. ಜನರ ಮನಸ್ಸಿನಲ್ಲಿ ಮಾತ್ರ ಹಳೆಯ ಅಂಜಿಕೆ ಉಳಿಯಿತು.

ಅಂದಿನಿಂದ ವೈದ್ಯರ ಗಮನವೆಲ್ಲ ಚರ್ಮದ ಮೇಲೆಯೇ ನಿಂತಿತು. ಅದು ಸಹಜವೂ ಆಗಿತ್ತು. ಹೊರಚರ್ಮದ ತಳದಲ್ಲಿ ಹುಟ್ಟುವ ಜೀವಕೋಶ ಮೆಲ್ಲಮೆಲ್ಲನೆ ಮೇಲೇರಿ, ಬಲಿತು, ಒಣಗಿ, ನಮಗೆ ತಿಳಿಯದಂತೆ ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ದದ್ದಿನಲ್ಲಿ ಈ ಪಯಣ ನಾಲ್ಕೈದು ದಿನಗಳಲ್ಲೇ ಮುಗಿಯುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಒಟ್ಟಿಕೊಂಡು ಹೊಟ್ಟಾಗುತ್ತವೆ. ಆದ್ದರಿಂದ ದೋಷವಿರುವುದು ಚರ್ಮದ ಕೋಶಗಳಲ್ಲೇ ಎಂದು ಎಲ್ಲರೂ ನಂಬಿದರು.

ಎರಡು ಆಕಸ್ಮಿಕಗಳು

ಆ ನಂಬಿಕೆಯನ್ನು ಅಲುಗಾಡಿಸಿದ್ದು ಬೇರೆ ರೋಗಗಳಿಗೆಂದು ಕೊಟ್ಟ ಮದ್ದುಗಳು. 1951ರಲ್ಲಿ ಅಮೆರಿಕದ ವೈದ್ಯ ಗುಬ್ನರ್ ಅವರು ಕೀಲುವಾತದ ರೋಗಿಗಳಿಗೆ ಅಮಿನೋಪ್ಟೆರಿನ್ ಎಂಬ ಔಷಧಿಯನ್ನು ಕೊಡುತ್ತಿದ್ದಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಮೈ ತಿಳಿಯಾದುದನ್ನು ಕಂಡರು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಔಷಧಿಯದು. ಅದರ ಸೋದರನಾದ ಮೆಥೋಟ್ರೆಕ್ಸೇಟ್ ಇಂದಿಗೂ ಈ ರೋಗಕ್ಕೆ ಬಳಕೆಯಲ್ಲಿದೆ. ಆದರೆ ಆಗ ಅದು ಕೋಶಗಳ ಬೆಳವಣಿಗೆಯನ್ನು ತಡೆದು ಗುಣ ನೀಡಿತೆಂದೇ ಬಗೆದರು.

ಎರಡನೆಯ ಆಕಸ್ಮಿಕ 1979ರದು. ಕಸಿಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ನೋಡಿಕೊಳ್ಳುವ ಔಷಧಿ ಸೈಕ್ಲೋಸ್ಪೊರಿನ್. ಮ್ಯೂಲರ್ ಮತ್ತು ಹೆರ್ಮನ್ ಎಂಬ ವೈದ್ಯರು ಅದನ್ನು ಕೀಲುವಾತಕ್ಕೆ ಪ್ರಯೋಗಿಸಿದಾಗ ರೋಗಿಗಳ ಸೋರಿಯಾಸಿಸ್ ದದ್ದುಗಳು ಮಾಯತೊಡಗಿದವು. ಈ ಮದ್ದು ಮುಖ್ಯವಾಗಿ ಹತ್ತಿಕ್ಕುವುದು ದೇಹರಕ್ಷಣೆಗಾಗಿ ಕಾದುವ ಬಿಳಿ ರಕ್ತಕಣಗಳನ್ನು. ಅವುಗಳಲ್ಲೂ ಟಿ-ಕಣಗಳೆಂಬ ಗುಂಪನ್ನು. ಆ ಕಣಗಳು ಸುಮ್ಮನಾದರೆ ಚರ್ಮ ಸುಧಾರಿಸುವುದಾದರೆ, ಕಿಡಿ ಹಚ್ಚುತ್ತಿದ್ದುದೂ ಅವೇ ಅಲ್ಲವೆ?

ಮುಂದೆ ಅಸ್ಥಿಮಜ್ಜೆಯ ಕಸಿ ಈ ಊಹೆಗೆ ಸಾಕ್ಷ್ಯ ಒದಗಿಸಿತು. ರಕ್ತದ ಕಣಗಳು ಹುಟ್ಟುವುದು ಮಜ್ಜೆಯಲ್ಲಿ. ಸೋರಿಯಾಸಿಸ್ ಇದ್ದ ಕೆಲವರಿಗೆ ಬೇರೆ ಕಾರಣಕ್ಕಾಗಿ ಆರೋಗ್ಯವಂತರ ಮಜ್ಜೆಯನ್ನು ಕೊಟ್ಟಾಗ ದದ್ದುಗಳು ಹೋದವು. ಸೋರಿಯಾಸಿಸ್ ಇದ್ದವರ ಮಜ್ಜೆಯನ್ನು ಪಡೆದ ಕೆಲವರಲ್ಲಿ, ಎಂದೂ ಇಲ್ಲದ ರೋಗ ಹೊಸದಾಗಿ ತಲೆದೋರಿತು. ಚರ್ಮ ಅದೇ, ಬದಲಾದದ್ದು ಕಾವಲಿನವರು.

ಕಾವಲು ದಾರಿ ತಪ್ಪುವ ಬಗೆ

ನಮ್ಮ ಚರ್ಮದಲ್ಲಿ ಕಾವಲುಕೋಶಗಳು ಹಗಲಿರುಳೂ ಎಚ್ಚರವಾಗಿರುತ್ತವೆ. ಹೊರಗಿನ ಶತ್ರು ನುಗ್ಗಿದರೆ ಅವು ಸುದ್ದಿ ಮುಟ್ಟಿಸುತ್ತವೆ. ಟಿ-ಕಣಗಳು ಧಾವಿಸಿ ಬರುತ್ತವೆ. ಈ ಸುದ್ದಿ ಸಾಗುವುದು ಕೆಲವು ರಾಸಾಯನಿಕಗಳ ಮೂಲಕ. ಅವುಗಳ ಪೈಕಿ ಇಂಟರ್ಲ್ಯೂಕಿನ್-23 ಟಿ-ಕಣಗಳನ್ನು ಹುರಿದುಂಬಿಸುತ್ತದೆ. ಅವು ಇಂಟರ್ಲ್ಯೂಕಿನ್-17 ಎಂಬುದನ್ನು ಸ್ರವಿಸುತ್ತವೆ. ಇದರಿಂದ ಕೆರಳಿದ ಚರ್ಮದ ಕೋಶಗಳು ಭರದಿಂದ ಇಮ್ಮಡಿಸುತ್ತವೆ. ಅಷ್ಟೇ ಅಲ್ಲ, ತಾವೂ ಕೂಗಿ ಇನ್ನಷ್ಟು ಬಿಳಿ ಕಣಗಳನ್ನು ಕರೆಯುತ್ತವೆ. ಶತ್ರುವೇ ಇಲ್ಲದ ಕಡೆ ಯುದ್ಧ ಆರಂಭವಾಗಿ, ತನ್ನಷ್ಟಕ್ಕೆ ತಾನೇ ಬೆಳೆಯುತ್ತ ಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಕೆಲವರಲ್ಲಿ ಮಾತ್ರ ಹೀಗಾಗಲು ವಂಶವಾಹಿಗಳು ಒಂದು ಕಾರಣ. ಆದರೂ ರೂಪದಲ್ಲಿ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದು ಇನ್ನೊಬ್ಬರಿಗೆ ಇಲ್ಲದಿರುವುದೂ ಉಂಟು. ಆದ್ದರಿಂದ ತಂದೆಗಿದ್ದ ಮಾತ್ರಕ್ಕೆ ಮಗಳಿಗೂ ಬಂದೇ ತೀರುವುದೆಂಬ ನಿಯಮವಿಲ್ಲ. ಒಳಗಿನ ಒಲವಿಗೆ ಹೊರಗಿನ ಕಿಡಿಯೂ ಬೇಕು. ಮಕ್ಕಳಲ್ಲಿ ಗಂಟಲುಬೇನೆಯ ಬೆನ್ನಿಗೆ ಮೈತುಂಬ ಹನಿಹನಿಯಾಗಿ ದದ್ದು ಏಳಬಹುದು. ಗಾಯ ಅಥವಾ ಗೀರು ಆದ ಜಾಗದಲ್ಲೇ ಹೊಸ ದದ್ದು ಮೂಡುವುದನ್ನು ಜರ್ಮನಿಯ ಕೋಬ್ನರ್ ಎಂಬ ವೈದ್ಯರು 1870ರ ದಶಕದಲ್ಲೇ ಗುರುತಿಸಿದ್ದರು. ಮನಸ್ಸಿನ ಬೇಗುದಿ, ಧೂಮಪಾನ, ಮದ್ಯ, ಬೊಜ್ಜು, ಕೆಲವು ಔಷಧಿಗಳು—ಇವೂ ರೋಗವನ್ನು ಕೆರಳಿಸುತ್ತವೆ.

ಉರಿಯೂತ ಚರ್ಮಕ್ಕಷ್ಟೇ ಸೀಮಿತವಲ್ಲ. ಹಲವು ರೋಗಿಗಳಲ್ಲಿ ಕೀಲುಗಳೂ ಊದಿಕೊಳ್ಳುತ್ತವೆ. ಬೆಳಗ್ಗೆ ಎದ್ದಾಗ ಬೆರಳು ಬಿಗಿದುಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಅಲಕ್ಷಿಸಿದರೆ ಕೀಲು ಶಾಶ್ವತವಾಗಿ ಕೆಡಬಹುದು.

ಇಂದಿನ ಚಿಕಿತ್ಸೆ

ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಹತೋಟಿಯಲ್ಲಿಡುವ ಮದ್ದುಗಳು ಸಾಕಷ್ಟಿವೆ. ಅಲ್ಪಸ್ವಲ್ಪ ದದ್ದಿಗೆ ಮುಲಾಮುಗಳು ಸಾಕು. ಹೆಚ್ಚಾದರೆ ನೇರಳಾತೀತ ಕಿರಣಗಳ ಚಿಕಿತ್ಸೆ, ಇಲ್ಲವೆ ಮೆಥೋಟ್ರೆಕ್ಸೇಟ್ ಮಾತ್ರೆ. ಈ ಮಾತ್ರೆಯನ್ನು ಸೋರಿಯಾಸಿಸ್ಸಿಗೆ ನುಂಗುವುದು ವಾರಕ್ಕೊಮ್ಮೆ. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಸ್ಟೆರಾಯಿಡ್ ಮಾತ್ರೆಗಳನ್ನು ತಾವಾಗಿಯೇ ತೆಗೆದುಕೊಂಡು ಥಟ್ಟನೆ ಬಿಟ್ಟರೆ ರೋಗ ಹಿಂದೆಂದೂ ಇಲ್ಲದಷ್ಟು ಉಲ್ಬಣಿಸಬಹುದು.

ಕಾವಲಿನವರ ಸುದ್ದಿಯನ್ನೇ ನಡುದಾರಿಯಲ್ಲಿ ತಡೆಯುವ ಚುಚ್ಚುಮದ್ದುಗಳು ಈ ಶತಮಾನದ ಕೊಡುಗೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಇಟೋಲಿಝುಮ್ಯಾಬ್ ಎಂಬುದನ್ನು ಮಾರುಕಟ್ಟೆಗೆ ತಂದಿತು. ಅದು ಟಿ-ಕಣಗಳನ್ನೇ ಹಿಡಿದು ಶಾಂತಗೊಳಿಸುತ್ತದೆ. ಇಂಟರ್ಲ್ಯೂಕಿನ್-17 ಮತ್ತು 23ನ್ನು ತಡೆಯುವ ಮದ್ದುಗಳಿಂದ ಎಷ್ಟೋ ರೋಗಿಗಳ ಚರ್ಮ ಬಹುಮಟ್ಟಿಗೆ ತಿಳಿಯಾಗಿದೆ. ಆದರೆ ಇವು ದುಬಾರಿ. ಅಲ್ಲದೆ ಕಾವಲನ್ನು ತಗ್ಗಿಸಿದಾಗ ನಿಜವಾದ ಕಳ್ಳನಿಗೂ ದಾರಿಯಾಗುವ ಭಯವುಂಟು. ದೇಹದಲ್ಲಿ ಅಡಗಿದ್ದ ಕ್ಷಯ ಎಚ್ಚರಗೊಳ್ಳಬಹುದಾದ್ದರಿಂದ ಚುಚ್ಚುಮದ್ದಿಗೆ ಮೊದಲು ಅದರ ಪರೀಕ್ಷೆ ಅವಶ್ಯ.

2014ರಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಅಂಟದ ದೀರ್ಘಕಾಲದ ವ್ಯಾಧಿಯೆಂದು ಅಂಗೀಕರಿಸಿ, ರೋಗಿಗಳನ್ನು ದೂರವಿಡುವುದರ ವಿರುದ್ಧ ಎಲ್ಲ ರಾಷ್ಟ್ರಗಳಿಗೆ ಕರೆಯಿತ್ತಿತು. ಆದರೆ ಸಭೆಯ ನಿರ್ಣಯ ನಡುಮನೆಯವರೆಗೆ ತಾನಾಗಿ ಬರಲಾರದು. ಔಷಧಿಯನ್ನು ವೈದ್ಯರು ಬರೆದುಕೊಡಬಲ್ಲರು. ಬೇರೆಯಾಗಿಟ್ಟ ತಟ್ಟೆಯನ್ನು ಮತ್ತೆ ಎಲ್ಲರ ತಟ್ಟೆಗಳ ನಡುವೆ ಇಡುವುದು ಮನೆಯವರ ಕೈಯಲ್ಲಿಯೇ ಇದೆ.